ಒತ್ತಡ ಇಳಿದರೂ ನರ ಉಳಿಯುವುದೇ?

ಹಾಸನದ ಬಿ.ಎಂ. ರಸ್ತೆಯ ಔಷಧದ ಅಂಗಡಿಗಳಲ್ಲಿ ದೃಷ್ಟಿನರ ಹಾಳಾಗುವ ಕಣ್ಣಿನ ರೋಗವಾದ ಗ್ಲಾಕೋಮಾದ ರೋಗಿಗಳು ಕಣ್ಣಿನ ಹನಿಯ ಜೊತೆಗೆ ‘ನರಕ್ಕೆ ಏನಾದರೂ ಮಾತ್ರೆ’ ಕೇಳುವುದುಂಟು. ಕಣ್ಣಿನೊಳಗಿನ ಒತ್ತಡ ಹತೋಟಿಯಲ್ಲಿದೆ ಎಂದು ವೈದ್ಯರು ಹೇಳಿದ ಮೇಲೂ ಪಕ್ಕದ ನೋಟ ಕುಗ್ಗುತ್ತಲೇ ಹೋದರೆ ಯಾರಾದರೂ ಕೇಳುವ ಮಾತೇ ಇದು. ವಿಜ್ಞಾನಿಗಳೂ ದಶಕಗಳಿಂದ ಇದನ್ನೇ ಹುಡುಕುತ್ತಿದ್ದಾರೆ.

ಈ ರೋಗದಲ್ಲಿ ಸಾಯುವುದು ಅಕ್ಷಿಪಟಲದ, ಅಂದರೆ ರೆಟಿನಾದ, ಗ್ಯಾಂಗ್ಲಿಯಾನ್ ಎಂಬ ನರಕೋಶಗಳು. ಒಂದು ಕಣ್ಣಿನಲ್ಲಿ ಸುಮಾರು 10 ಲಕ್ಷ ಇರುತ್ತವೆ. ಅವುಗಳ ಉದ್ದನೆಯ ಎಳೆಗಳೆಲ್ಲ ಸೇರಿ ದೃಷ್ಟಿನರವಾಗಿ, ಕಣ್ಣಿನ ಹಿಂಭಾಗದ ಜರಡಿಯಂಥ ಪದರವನ್ನು ತೂರಿ ಮಿದುಳಿನತ್ತ ಸಾಗುತ್ತವೆ. ಒತ್ತಡದ ಪೆಟ್ಟು ಬೀಳುವುದು ಆ ಪದರದಲ್ಲೇ. ಎಳೆ ನಲುಗಿದರೆ ಕೋಶಕ್ಕೆ ತಲುಪಬೇಕಾದ ಪೋಷಕಾಂಶ ನಿಲ್ಲುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ರೂಪಿಸಿದ ಉಪಕರಣದಿಂದ ಕಣ್ಣಿನ ಒಳಗನ್ನು ನೋಡುವುದು ಸಾಧ್ಯವಾಯಿತು. 1857ರಲ್ಲಿ ಬರ್ಲಿನ್‌ನ ನೇತ್ರವೈದ್ಯ ಫಾನ್ ಗ್ರೇಫ಼ೆ ಕಣ್ಪಾಪೆಯ ಸುತ್ತಲಿನ ಬಣ್ಣದ ಪೊರೆಯ (ಐರಿಸ್) ಒಂದು ಚೂರು ಕತ್ತರಿಸಿ ಹಠಾತ್ ಗ್ಲಾಕೋಮಾವನ್ನು ಶಮನಗೊಳಿಸಿದ. 1870ರ ದಶಕದಲ್ಲಿ ಹನಿ ಔಷಧ, 1978ರಲ್ಲಿ ಅಮೆರಿಕದಲ್ಲಿ ಟಿಮೋಲಾಲ್, 1996ರಲ್ಲಿ ಲ್ಯಾಟನೊಪ್ರಾಸ್ಟ್ ಎಂಬ ಹನಿಗಳು ಬಂದವು. ಎಲ್ಲದರ ಗುರಿಯೂ ಒತ್ತಡವೇ. ಅದು ಸುಳ್ಳು ಗುರಿಯೇನಲ್ಲ. ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದೂ ನರ ಹಾಳಾಗುತ್ತಿದ್ದವರ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒತ್ತಡವನ್ನು ಶೇ. 30ರಷ್ಟು ಇಳಿಸಿದಾಗ ರೋಗ ಮುಂದುವರಿದದ್ದು ಶೇ. 12 ಕಣ್ಣುಗಳಲ್ಲಿ; ಇಳಿಸದೆ ಬಿಟ್ಟ ಕಣ್ಣುಗಳಲ್ಲಿ ಶೇ. 35. ಒತ್ತಡ ಇಳಿಸುವುದರ ಆಚೆಗೆ ನರವನ್ನೇ ಉಳಿಸುವ ‘ನರರಕ್ಷಣೆ’ಯ ಹುಡುಕಾಟವೆಲ್ಲ ಆ ಶೇ. 12ರ ಸಲುವಾಗಿ.

1957ರಲ್ಲೇ ಒಂದು ಸುಳಿವು ಸಿಕ್ಕಿತ್ತು. ಗ್ಲುಟಮೇಟ್ ಚುಚ್ಚಿದ ಇಲಿಮರಿಗಳ ಅಕ್ಷಿಪಟಲದ ಒಳಪದರ ನಾಶವಾಗಿತ್ತು. ನರಕೋಶಗಳ ನಡುವೆ ಸುದ್ದಿ ಸಾಗಿಸುವ ಈ ರಾಸಾಯನಿಕ ಅತಿಯಾದರೆ ಕೋಶಕ್ಕೇ ಮೃತ್ಯು. ಹಾಗಾದರೆ ಅದನ್ನು ತಡೆದರೆ? ಮರೆಗುಳಿ ರೋಗಕ್ಕೆ ಕೊಡುವ ಮೆಮಂಟೀನ್ ಮಾಡುವುದು ಅದನ್ನೇ. ಕೋತಿಗಳಲ್ಲಿ ಫಲಿತಾಂಶ ಆಶಾದಾಯಕವಾಗಿತ್ತು. ಎರಡು ಬೃಹತ್ ಪ್ರಯೋಗಗಳಲ್ಲಿ 2,298 ರೋಗಿಗಳು ನಾಲ್ಕು ವರ್ಷ ಈ ಮಾತ್ರೆಯನ್ನೋ ಹುಸಿಮಾತ್ರೆಯನ್ನೋ ನುಂಗಿದರು. ಗಣನೀಯ ಪ್ರಯೋಜನ ಕಾಣಲಿಲ್ಲ. ಪೂರ್ಣ ವರದಿ ಪ್ರಕಟವಾಗಲು 2018ರವರೆಗೆ ಕಾಯಬೇಕಾಯಿತು. ಸೋಲಿನ ಸುದ್ದಿಗೆ ಯಾವಾಗಲೂ ಅವಸರ ಕಡಿಮೆ.

2011ರಲ್ಲಿ ಬ್ರಿಮೋನಿಡಿನ್ ಹನಿ ಟಿಮೋಲಾಲ್‌ಗಿಂತ ನೋಟವನ್ನು ಚೆನ್ನಾಗಿ ಉಳಿಸಿತೆಂದು ಒಂದು ಅಧ್ಯಯನ ಹೇಳಿತು. ಆದರೆ ಅಲರ್ಜಿಯಿಂದ ಅನೇಕರು ನಡುವೆಯೇ ಹೊರಬಿದ್ದಿದ್ದರಿಂದ ಅನುಮಾನ ಉಳಿಯಿತು.

ಈಗಿನ ನಿರೀಕ್ಷೆ ಬಿ3 ವಿಟಮಿನ್ನಿನ ರೂಪವಾದ ನಿಕೋಟಿನಮೈಡ್ ಮೇಲೆ. ವಯಸ್ಸಾದಂತೆ ಕೋಶದ ಶಕ್ತಿ ಉತ್ಪಾದನೆ ಕುಸಿಯುತ್ತದೆ, ಇದು ಅದನ್ನು ಎತ್ತಿ ಹಿಡಿಯುತ್ತದೆ ಎಂದು 2017ರಲ್ಲಿ ಇಲಿಗಳಲ್ಲಿ ಕಂಡುಬಂತು. 2020ರ ಆಸ್ಟ್ರೇಲಿಯಾದ ಸಣ್ಣ ಪ್ರಯೋಗದಲ್ಲಿ ರೋಗಿಗಳ ಅಕ್ಷಿಪಟಲದ ಕಾರ್ಯ ಕೊಂಚ ಸುಧಾರಿಸಿತು. ಅಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ 3 ಗ್ರಾಂವರೆಗೆ. ಅಂಗಡಿಯ ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಇರುವುದು ಮಿಲಿಗ್ರಾಂ ಲೆಕ್ಕದಲ್ಲಿ. ಹಾಗೆಂದು ಹತ್ತಾರು ಮಾತ್ರೆ ನುಂಗುವಂತಿಲ್ಲ, ಅತಿ ಪ್ರಮಾಣ ಯಕೃತ್ತಿಗೆ ಅಪಾಯ.

ಹಾಗಾಗಿ ಅರಕಲಗೂಡಿನಿಂದಲೋ ಸಕಲೇಶಪುರದ ತೋಟದಿಂದಲೋ ಬಸ್ ಹತ್ತಿ ಬರುವವರು ಕೈಯಲ್ಲಿರುವ ದುಡ್ಡನ್ನು ಮೊದಲು ಹನಿಗೆ ಖರ್ಚು ಮಾಡುವುದೇ ಲೇಸೆಂದು ನನ್ನ ಅಭಿಪ್ರಾಯ. ಉಳಿದರೆ ಜೊತೆಗೆ ಒಡಹುಟ್ಟಿದವರನ್ನೂ ಕರೆತರಲಿ. ಈ ರೋಗ ಕುಟುಂಬದಲ್ಲಿ ಹರಿಯುವಂಥದ್ದು.