ತ್ಯಾಗರಾಜರ ಆರಾಧನೆ ವರ್ಷಕ್ಕೊಂದು ತಾರೀಖಿಗೆ ಯಾಕೆ ಬರುತ್ತದೆ?

ಪ್ರಶ್ನೆ: ತ್ಯಾಗರಾಜರು ತೀರಿಕೊಂಡಿದ್ದು 1847ರ ಜನವರಿ 6 ಅಂತ ಮಗಳ ಸಂಗೀತದ ಪುಸ್ತಕದಲ್ಲಿದೆ. ಹಾಗಿದ್ದರೆ ಆರಾಧನೆ ಒಂದು ವರ್ಷ ಜನವರಿ ಮೊದಲ ವಾರಕ್ಕೆ, ಇನ್ನೊಂದು ವರ್ಷ ತಿಂಗಳ ಕೊನೆಗೆ ಯಾಕೆ ಬರುತ್ತದೆ? ನಮ್ಮ ಕೋಲಾರದಲ್ಲಿ ಫೆಬ್ರವರಿಯಲ್ಲಿ ಮಾಡಿದ್ದೂ ನೋಡಿದ್ದೇನೆ. ಯಾವುದು ಸರಿಯಾದ ದಿನ?

ಸಂಕ್ರಾಂತಿ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಕ್ಕಳನ್ನು ಪಾಠಕ್ಕೆ ಕಳಿಸುವ ಅಪ್ಪ ಅಮ್ಮಂದಿರು ಜಾಸ್ತಿ ಕೇಳುತ್ತಾರೆ. ಅವರು ರಜೆ ಹಾಕಬೇಕು, ಅಷ್ಟರೊಳಗೆ ಮಗುವಿಗೆ ಪಂಚರತ್ನ, ಅಂದರೆ ತ್ಯಾಗರಾಜರ ಐದು ದೊಡ್ಡ ಕೃತಿಗಳು, ಬಾಯಿಗೆ ಬಂದಿರಬೇಕು. ತಾರೀಖು ಗೊತ್ತಿಲ್ಲದೆ ಹೇಗೆ ಹೇಳಿ?

ಒಂದೇ ಮಾತಿನ ಉತ್ತರ ಅಂದರೆ, ಆರಾಧನೆಗೆ ತಾರೀಖಿಲ್ಲ, ತಿಥಿ ಇದೆ. ಪುಷ್ಯ ಬಹುಳ ಪಂಚಮಿ. ಪುಷ್ಯ ಮಾಸದಲ್ಲಿ ಹುಣ್ಣಿಮೆ ಕಳೆದು ಐದನೆಯ ದಿನ. 1847ರಲ್ಲಿ ಆ ಪಂಚಮಿ ಬಂದದ್ದು ಜನವರಿ 6ಕ್ಕೆ, ಅಷ್ಟೇ. ತಿರುವೈಯಾರಿನಲ್ಲಿ ಅವರ ಸಮಾಧಿಯ ಮುಂದೆ ಕೂತು ಹಾಡುವವರು ನೆನಪಿಟ್ಟುಕೊಂಡದ್ದು ಪಂಚಮಿಯನ್ನು. ನಮ್ಮ ಮನೆಯಲ್ಲಿ ತಾತನ ತಿಥಿ ಮಾಡುವುದೂ ಹೀಗೇ ಅಲ್ವಾ? ತಾತ ಹೋದ ತಾರೀಖು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ, ಆದರೆ ಶ್ರಾವಣ ಶುದ್ಧ ದಶಮಿ ಅಂದರೆ ಎಲ್ಲರಿಗೂ ಗೊತ್ತು.

ಈಗ ತಾರೀಖು ಯಾಕೆ ಓಡಾಡುತ್ತದೆ ನೋಡೋಣ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29 ದಿನ ಹನ್ನೆರಡು ಗಂಟೆ ಮುಕ್ಕಾಲು ಆಗುತ್ತದೆ. ಅಂಥ 12 ತಿಂಗಳು ಕೂಡಿಸಿದರೆ 354 ದಿನ. ಇಂಗ್ಲಿಷ್ ವರ್ಷಕ್ಕಿಂತ 11 ದಿನ ಕಮ್ಮಿ. ಹಾಗಾಗಿ ಪಂಚಮಿ ಪ್ರತಿ ವರ್ಷ 11–12 ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಜನವರಿ 30, 2025ರಲ್ಲಿ ಜನವರಿ 18, 2026ರಲ್ಲಿ ಜನವರಿ 7. ಹೀಗೇ ಬಿಟ್ಟರೆ ಆರಾಧನೆ ಡಿಸೆಂಬರಿಗೆ, ಆಮೇಲೆ ನವರಾತ್ರಿಯ ಹೊತ್ತಿಗೆ ಹೋಗಿಬಿಡುತ್ತದೆ. ಅದಕ್ಕೇ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಲೆಕ್ಕ ಸರಿಮಾಡುತ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಇದೆ, ಆದ್ದರಿಂದ 2027ರಲ್ಲಿ ಪಂಚಮಿ ಮತ್ತೆ ಜನವರಿ ಕೊನೆಯ ವಾರಕ್ಕೆ ಜಿಗಿಯುತ್ತದೆ.

ಒಂದು ದಿನ ಆಚೀಚೆ ಆಗುವುದು ಬೇರೆ ಕಾರಣಕ್ಕೆ. ತಿಥಿ ಅಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಹಿಡಿಯುವ ಹೊತ್ತು. ಚಂದ್ರ ಒಂದೇ ವೇಗದಲ್ಲಿ ಹೋಗುವುದಿಲ್ಲ, ಹಾಗಾಗಿ ಒಂದು ತಿಥಿ 19 ಗಂಟೆಗೆ ಮುಗಿದರೆ ಇನ್ನೊಂದು 26 ಗಂಟೆ ನಡೆಯುತ್ತದೆ. ಹಬ್ಬಗಳಿಗೆ ಸಾಮಾನ್ಯವಾಗಿ ಸೂರ್ಯೋದಯದಲ್ಲಿ ಇರುವ ತಿಥಿ ನೋಡುತ್ತಾರೆ, ಶ್ರಾದ್ಧಕ್ಕೆ ಮಧ್ಯಾಹ್ನದ ಮೇಲಿನ ತಿಥಿ ನೋಡುತ್ತಾರೆ. ಗೋಡೆಯ ಕ್ಯಾಲೆಂಡರಿಗೂ ಪುರೋಹಿತರು ಹೇಳುವ ದಿನಕ್ಕೂ ಒಂದು ದಿನ ವ್ಯತ್ಯಾಸ ಕಂಡರೆ ಇಬ್ಬರೂ ತಪ್ಪಿರಬೇಕಾಗಿಲ್ಲ.

ಇಲ್ಲಿಂದ ನನಗೆ ತುಂಬಾ ಇಷ್ಟವಾದ ಭಾಗ.

ತಾರೀಖು ಮತ್ತು ತಿಥಿ ಯಾವತ್ತಾದರೂ ಮತ್ತೆ ಸೇರುತ್ತವಾ? ಸೇರುತ್ತವೆ. 19 ವರ್ಷದಲ್ಲಿ ಏಳು ಅಧಿಕ ಮಾಸ ಸೇರಿ 235 ಚಾಂದ್ರ ತಿಂಗಳು ಆಗುತ್ತವೆ. ಆ 235 ತಿಂಗಳಿಗೂ 19 ವರ್ಷಕ್ಕೂ ಇರುವ ವ್ಯತ್ಯಾಸ ಕೆಲವೇ ಗಂಟೆ. ಅಂದರೆ 19 ವರ್ಷಕ್ಕೊಮ್ಮೆ ಅದೇ ತಿಥಿ ಹೆಚ್ಚು ಕಮ್ಮಿ ಅದೇ ತಾರೀಖಿಗೆ ಬಂದು ನಿಲ್ಲುತ್ತದೆ. 1847ಕ್ಕೆ 19ರ ಒಂಬತ್ತು ಸುತ್ತು, 171 ವರ್ಷ ಕೂಡಿಸಿ. 2018 ಬರುತ್ತದೆ. 2018ರ ಆರಾಧನೆ ಬಂದದ್ದು ಸರಿಯಾಗಿ ಜನವರಿ 6ಕ್ಕೆ! ಈ ಲೆಕ್ಕ ನಾನು ಕಾಗದದ ಮೇಲೆ ಹಾಕಿ ನೋಡಿದ ದಿನ ಸಂತೋಷಕ್ಕೆ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ತ್ಯಾಗರಾಜರ ಕಾಲದವರೇ ಆದ ಇನ್ನೊಬ್ಬ ದೊಡ್ಡ ಕೃತಿಕಾರ ದೀಕ್ಷಿತರಿಗೂ ಇದೇ ಲೆಕ್ಕ ಹಾಕಿ. ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಾಪುರದಲ್ಲಿ ಕಣ್ಣುಮುಚ್ಚಿದ್ದು 1835ರ ಅಕ್ಟೋಬರ್ 21, ನರಕ ಚತುರ್ದಶಿಯ ದಿನ. 171 ವರ್ಷ ಕೂಡಿಸಿದರೆ 2006. ಆ ವರ್ಷದ ನರಕ ಚತುರ್ದಶಿಯೂ ಅಕ್ಟೋಬರ್ 21ಕ್ಕೇ ಇತ್ತು. ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ದೀಕ್ಷಿತರ ಮೀನಾಕ್ಷಿಯ ಕೃತಿ ಹಾಡುವ ಮನೆಗಳು ಇವತ್ತಿಗೂ ಇವೆ. ಅವರಿಗೆ ತಾರೀಖು ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ, ಹಬ್ಬವೇ ನೆನಪಿಸುತ್ತದೆ.

ಇನ್ನೊಂದು ವಿಷಯ. ತ್ಯಾಗರಾಜರು ಹೋದದ್ದು ಪರಾಭವ ಸಂವತ್ಸರದಲ್ಲಿ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1846ರ ಯುಗಾದಿಗೆ ಶುರುವಾದ ಪರಾಭವ 1906ರಲ್ಲಿ ಬಂತು, 1966ರಲ್ಲಿ ಬಂತು, 2026ರ ಯುಗಾದಿಗೆ ಮತ್ತೆ ಬಂದಿದೆ. ಹಾಗಾಗಿ 2027ರ ಜನವರಿಯ ಆರಾಧನೆಗೆ ಸಂವತ್ಸರ, ಮಾಸ, ಪಕ್ಷ, ತಿಥಿ ನಾಲ್ಕೂ ಕೂಡಿ ಬರುತ್ತವೆ. 180 ವರ್ಷ, ಮೂರು ಪೂರ್ತಿ ಸುತ್ತು. ನೂರು, ನೂರೈವತ್ತು, ಇನ್ನೂರು ಅಂತ ದುಂಡು ಸಂಖ್ಯೆಗೆ ಮಾತ್ರ ಪೆಂಡಾಲು ಹಾಕುವ ಕಾಲ ಇದು. ನನ್ನನ್ನು ಕೇಳಿದರೆ ಪಂಚಾಂಗದ ಪ್ರಕಾರ ಈ 180 ದೊಡ್ಡ ವರ್ಷ. ಇನ್ನೊಮ್ಮೆ ಹೀಗೆ ಬರಬೇಕಾದರೆ 2087ರವರೆಗೆ ಕಾಯಬೇಕು.

ಹುಟ್ಟಿದ ದಿನ ಬಿಟ್ಟು ಹೋದ ದಿನವನ್ನೇ ಯಾಕೆ ಹಿಡಿದರು ಅಂತಲೂ ಕೇಳುತ್ತಾರೆ. ತ್ಯಾಗರಾಜರು 1767ರ ಮೇ 4ರಂದು ತಿರುವಾರೂರಿನಲ್ಲಿ ಹುಟ್ಟಿದರು. ಕೊನೆಯ ದಿನಗಳಲ್ಲಿ ಸನ್ಯಾಸ ತೆಗೆದುಕೊಂಡರು. ಸನ್ಯಾಸಿಗಳನ್ನು ಸುಡುವುದಿಲ್ಲ, ಹಾಗಾಗಿ ಕಾವೇರಿ ದಡದಲ್ಲಿ ಸಮಾಧಿ ಆಯಿತು. ಸನ್ಯಾಸಿಗೆ ಮನೆಯವರು ಮಾಡುವ ಶ್ರಾದ್ಧ ಇರುವುದಿಲ್ಲ, ಆರಾಧನೆ ಇರುತ್ತದೆ. ಆ ಮಾತು ಬಂದದ್ದೇ ಅಲ್ಲಿಂದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ ಇದೆ. ಜ್ಯೇಷ್ಠ ಶುದ್ಧ ಚತುರ್ದಶಿಗೆ ಅಲ್ಲಿ ಆರಾಧನೆ ನಡೆಯುತ್ತದೆ. ರಂಗವಿಠಲ ಅಂಕಿತದಲ್ಲಿ ಕನ್ನಡದ ಪದ ಹಾಡಿದವರು, ವ್ಯಾಸರಾಯರಿಗೆ ಪಾಠ ಹೇಳಿದವರು ಅವರು. ವ್ಯಾಸರಾಯರ ಶಿಷ್ಯರು ಪುರಂದರದಾಸರು. ಪುರಂದರದಾಸರ ಪುಣ್ಯದಿನ ಪುಷ್ಯ ಬಹುಳ ಅಮಾವಾಸ್ಯೆ, ಅಂದರೆ ತ್ಯಾಗರಾಜರ ಪಂಚಮಿಯಾಗಿ ಹತ್ತೇ ದಿನಕ್ಕೆ. ಸಂಗೀತದ ಮೊದಲ ಪಾಠವಾದ ಸರಳೆವರಸೆ ಹಾಕಿಕೊಟ್ಟವರ ದಿನವೂ, ಪಂಚರತ್ನ ಕೊಟ್ಟವರ ದಿನವೂ ಒಂದೇ ಪಕ್ಷದಲ್ಲಿ ಬರುತ್ತವೆ. ಅನೇಕ ಊರುಗಳಲ್ಲಿ ಎರಡನ್ನೂ ಸೇರಿಸಿ ಒಂದೇ ಉತ್ಸವ ಮಾಡುವುದು ಇದಕ್ಕೇ.

ಆದರೆ ತಿಥಿ ತಾನಾಗಿ ಉಳಿಯುವುದಿಲ್ಲ, ಯಾರಾದರೂ ಹಿಡಿದುಕೊಂಡಿರಬೇಕು. ತ್ಯಾಗರಾಜರು ಹೋದ ಮೇಲೆ ಶಿಷ್ಯರು ಊರೂರಿಗೆ ಚದುರಿದರು, ಸಮಾಧಿ ಹಾಳುಬಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮತ್ತೆ ಆರಾಧನೆ ಶುರುವಾಯಿತು, ಆದರೆ ವಿದ್ವಾಂಸರಲ್ಲೇ ಎರಡು ಪಂಗಡ, ಹೆಂಗಸರು ಹಾಡುವ ಹಾಗೇ ಇಲ್ಲ. ಆಗ ಬಂದವರು ನಮ್ಮ ಮೈಸೂರು ಸೀಮೆಯ ಬೆಂಗಳೂರು ನಾಗರತ್ನಮ್ಮನವರು. 1878ರಲ್ಲಿ ಹುಟ್ಟಿದವರು, ದೇವದಾಸಿ ಮನೆತನದವರು. 1920ರ ದಶಕದಲ್ಲಿ ಸ್ವಂತ ದುಡ್ಡು, ಒಡವೆ ಹಾಕಿ ಸಮಾಧಿಗೆ ಗುಡಿ ಕಟ್ಟಿಸಿದರು. ತಾನು ಕಟ್ಟಿಸಿದ ಗುಡಿಯ ಮುಂದೆ ತನಗೇ ಹಾಡಲು ಬಿಡಲಿಲ್ಲ ಅಂದರೆ ಹೇಗಾಗಿರಬೇಡ! ಅವರು ಹೆಂಗಸರನ್ನೇ ಸೇರಿಸಿಕೊಂಡು ಗುಡಿಯ ಹಿಂಭಾಗದಲ್ಲಿ ಬೇರೆ ಆರಾಧನೆ ಶುರು ಮಾಡಿದರು. 1940ರ ಹೊತ್ತಿಗೆ ಎಲ್ಲ ಪಂಗಡ ಒಂದಾದವು. ಈಗ ನಾವು ನೋಡುವ ಹಾಗೆ ಎಲ್ಲರೂ ಒಟ್ಟಿಗೆ ಕೂತು ನಾಟ, ಗೌಳ, ಆರಭಿ, ವರಾಳಿ, ಶ್ರೀ ಅಂತ ಐದು ರಾಗದಲ್ಲಿ ಪಂಚರತ್ನ ಹಾಡುವ ಪದ್ಧತಿ ಗಟ್ಟಿಯಾಗಿದ್ದು ಆಮೇಲೆ. 1952ರಲ್ಲಿ ನಾಗರತ್ನಮ್ಮ ತೀರಿಕೊಂಡರು. ಅವರ ಸಮಾಧಿ ತ್ಯಾಗರಾಜರ ಸಮಾಧಿಯ ಹತ್ತಿರವೇ ಇದೆ. ತಿರುವೈಯಾರಿಗೆ ಹೋದವರು ದಯವಿಟ್ಟು ಅಲ್ಲೂ ನಿಂತು ಕೈಮುಗಿದು ಬನ್ನಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ದಿನಕ್ಕೆ ಇನ್ನೊಂದು ಸೊಗಸಿದೆ. ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ, ಆ ಕಡೆ ಪಾವಗಡ, ಎಲ್ಲ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಬೇರೆ ಊರಿನವರು ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡುವ ಕೃತಿ ನಮ್ಮ ಅಜ್ಜಿಗೆ ಮನೆಮಾತು. ಅಜ್ಜಿ ಒಂದು ಸ್ವರವನ್ನೂ ಕಲಿತವರಲ್ಲ. ಆದರೆ ಗುಡಿಯಲ್ಲಿ 'ದುಡುಕುಗಲ ನನ್ನೇ ದೊರ ಕೊಡುಕು ಬ್ರೋಚುರಾ' ಅಂತ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇಷ್ಟು ದುಡುಕಿನವನನ್ನು ಯಾವ ದೊರೆಮಗ ಕಾಯುತ್ತಾನಪ್ಪಾ ಅಂತ ಅಷ್ಟು ದೊಡ್ಡವರೇ ಕೇಳುತ್ತಿದ್ದಾರಲ್ಲ, ನಮ್ಮ ಪಾಡೇನು, ಅನ್ನುತ್ತಿದ್ದರು. ದುಡುಕು ಕನ್ನಡದಲ್ಲೂ ದುಡುಕೇ. ಮಕ್ಕಳಿಗೆ ಪಂಚರತ್ನ ಹೇಳಿಕೊಡುವವರು ಮೊದಲು ಇಂಥ ಒಂದೊಂದು ಮಾತಿನ ಅರ್ಥ ಹೇಳಿ, ಆಮೇಲೆ ಚಿಟ್ಟೆಸ್ವರಕ್ಕೆ, ಅಂದರೆ ಕೃತಿಯೊಳಗಿನ ಸ್ವರದ ಭಾಗಕ್ಕೆ ಹೋಗಿ. ಹಾಡುವಾಗ ಮುಖವೇ ಬೇರೆ ಆಗುತ್ತದೆ.

ಕೈವಾರದ ತಾತಯ್ಯನವರ ತೆಲುಗು ಪದಗಳು ನಮ್ಮಲ್ಲಿ ಇಷ್ಟು ಆಳವಾಗಿ ಉಳಿದಿರುವುದೂ ಇದೇ ಕಾರಣಕ್ಕೆ. ನಂಬಿಕೆಯ ಪ್ರಕಾರ ಅವರು 1726ರಿಂದ 1836ರವರೆಗೆ ಬದುಕಿದ್ದರು. ಅಂದರೆ ತ್ಯಾಗರಾಜರು ತಿರುವೈಯಾರಿನಲ್ಲಿ ಹಾಡುತ್ತಿದ್ದಾಗ ಇವರು ಇಲ್ಲಿ ಹಾಡುತ್ತಿದ್ದರು. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ಹಗಲು ರಾತ್ರಿ ನಿಲ್ಲದೆ ಸಂಗೀತ ನಡೆಯುತ್ತದೆ. ಅದೂ ತಿಥಿಯ ಲೆಕ್ಕವೇ, ಆಷಾಢದ ಹುಣ್ಣಿಮೆ.

ಎಲ್ಲ ಸಂಗೀತಗಾರರಿಗೂ ತಿಥಿ ಹುಡುಕಬೇಕಾ? ಬೇಡ. ಭೀಮಸೇನ ಜೋಶಿಯವರಿಗೆ 1922ರ ಫೆಬ್ರವರಿ 4, ಎಂ.ಎಸ್. ಸುಬ್ಬುಲಕ್ಷ್ಮಿಯವರಿಗೆ 1916ರ ಸೆಪ್ಟೆಂಬರ್ 16 ಅಂತ ತಾರೀಖೇ ಬಳಕೆಯಲ್ಲಿದೆ, ಹಾಗೇ ಇರಲಿ. ತಾರೀಖೂ ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ ಅನ್ನಿ. ಜರ್ಮನಿಯ ಬಾಖ್ ಹುಟ್ಟಿದ್ದು 1685ರ ಮಾರ್ಚ್ 21 ಅಂತ ಹೇಳುತ್ತಾರೆ, ಅದು ಅವರ ಊರಿನ ಆಗಿನ ಕ್ಯಾಲೆಂಡರಿನಲ್ಲಿ. ಈಗಿನ ಕ್ಯಾಲೆಂಡರಿನ ಲೆಕ್ಕಕ್ಕೆ ಮಾರ್ಚ್ 31 ಆಗುತ್ತದೆ.

ಇನ್ನು ನೀವು ಫೆಬ್ರವರಿಯಲ್ಲಿ ನೋಡಿದ್ದು. ಎರಡು ಸಾಧ್ಯತೆ ಇವೆ. 2021ರಲ್ಲಿ ಪಂಚಮಿಯೇ ಫೆಬ್ರವರಿ 2ಕ್ಕೆ ಬಂದಿತ್ತು, ಆ ವರ್ಷವಾಗಿದ್ದರೆ ನೀವು ನೋಡಿದ್ದು ನಿಜವಾದ ತಿಥಿಯ ದಿನವೇ. ಇಲ್ಲದಿದ್ದರೆ ಭಾನುವಾರ ನೋಡಿ ಇಟ್ಟುಕೊಂಡಿರುತ್ತಾರೆ. ನಮ್ಮ ಬೀದಿಯ ರಾಮಮಂದಿರದಲ್ಲೂ ಹಾಗೇ ಮಾಡುತ್ತೇವೆ. ಪಕ್ಕವಾದ್ಯದವರು ಬೆಂಗಳೂರಿನಿಂದ ಬರಬೇಕು, ಅವರಿಗೆ ಪಂಚಮಿಯ ದಿನ ಅಲ್ಲೇ ನಾಲ್ಕು ಕಡೆ ಇರುತ್ತದೆ. ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಆಫೀಸು. ಭಾನುವಾರವಾದರೆ ಬೆಳಿಗ್ಗೆ ಉಂಛವೃತ್ತಿಗೆ, ಅಂದರೆ ಹಾಡುತ್ತಾ ಬೀದಿಯಲ್ಲಿ ಭಿಕ್ಷೆಗೆ ಹೋಗುವುದಕ್ಕೆ, ಐವತ್ತು ಜನ ಸೇರುತ್ತಾರೆ, ಸುಮ್ನೆ ಹಟ ಹಿಡಿದು ಬುಧವಾರ ಮಾಡಿದರೆ ಏಳು ಜನ. ನನಗೆ ಐವತ್ತು ಜನರ ದನಿಯೇ ಬೇಕು. ಆದರೂ ಪಂಚಮಿಯ ದಿನ ಬೆಳಿಗ್ಗೆ ಮನೆಯಲ್ಲಿ ದೀಪ ಹಚ್ಚಿ ಒಂದಾದರೂ ಕೃತಿ ಹಾಡುತ್ತೇವೆ. ಐದೂ ಹಾಡಲು ಮುಕ್ಕಾಲು ಗಂಟೆಯ ಮೇಲೆ ಬೇಕು, ಒಂದಕ್ಕೆ ಹತ್ತು ನಿಮಿಷ ಸಾಕು. ಮಗಳಿಗೆ ಯಾವುದು ಬರುತ್ತದೋ ಅದು ಹಾಡಲಿ. 2027ರ ಪಂಚಾಂಗ ಕೈಗೆ ಬಂದ ಕೂಡಲೇ ಪುಷ್ಯದ ಪುಟ ತೆಗೆದು ಬಹುಳ ಪಂಚಮಿಗೆ ಒಂದು ಗುರುತು ಹಾಕಿ ಇಟ್ಟುಕೊಳ್ಳಿ.