ಬೈಕ್ ಎಲ್‌ಎಲ್ ಟೆಸ್ಟ್‌ಗೆ ಓದ್ತಿರೋರಿಗೆ: ರೋಡಲ್ಲಿ ಕಲ್ತಿದ್ದನ್ನ ಮೊದ್ಲು ಪಕ್ಕಕ್ಕಿಡಿ

ಎಲ್‌ಎಲ್ ಅಂದ್ರೆ ಲರ್ನರ್ಸ್ ಲೈಸೆನ್ಸ್, ನಮ್ಮ ಕಡೆ ಇನ್ನೂ ಎಲ್ಲಾರೂ ಎಲ್‌ಎಲ್‌ಆರ್ ಅಂತಾನೇ ಅನ್ನೋದು. ಅದಕ್ಕೆ ಕಂಪ್ಯೂಟರ್ ಮುಂದೆ ಕೂತು ಒಂದು ಟೆಸ್ಟ್ ಬರೀಬೇಕಲ್ಲ, ಅದ್ರಲ್ಲಿ ನಾನು ಮೊದಲನೇ ಸಲ ಡುಮ್ಕಿ. ಮನೇಲಿ ಈಗ್ಲೂ ನಗ್ತಾರೆ, ಯಾಕಂದ್ರೆ ಅವತ್ತು ನನ್ ಜೊತೆ ಬಂದಿದ್ದ ಅತ್ತಿಗೆ, ಜನ್ಮದಲ್ಲಿ ಒಂದು ಸಲಾನೂ ಹ್ಯಾಂಡಲ್ ಮುಟ್ಟದೋರು, ಪಾಸಾಗಿ ನಗ್ತಾ ಆಚೆ ಬಂದ್ರು, ಊರಲ್ಲಿ ತೋಟದ ದಾರೀಲಿ ಮಾವನ ಮೊಪೆಡ್ ಓಡಿಸ್ಕೊಂಡು ಬೆಳ್ದ ನಾನು ಫೇಲ್.

ಆಮೇಲೆ ಕೂತು ಯೋಚ್ನೆ ಮಾಡ್ದಾಗ ಗೊತ್ತಾಯ್ತು, ನಾನು ತಪ್ಪು ಮಾಡಿದ್ದ ಪ್ರಶ್ನೆಗಳೆಲ್ಲಾ ಒಂದೇ ಜಾತಿಯವು. ಗೊತ್ತಿಲ್ದೆ ತಪ್ಪು ಮಾಡಿದ್ದಲ್ಲ, "ಇದೇನು ದಿನಾ ನೋಡ್ತೀವಲ್ಲ" ಅಂತ ಒತ್ತಿದ್ದು. ಅತ್ತಿಗೆಗೆ ರೋಡ್ ಗೊತ್ತಿಲ್ಲ, ಪುಸ್ತಕ ಓದಿದ್ರು, ಪುಸ್ತಕದ ಉತ್ತರ ಬರೆದ್ರು. ನಂಗೆ ಪುಸ್ತಕ ಗೊತ್ತಿಲ್ಲ, ರೋಡ್ ಗೊತ್ತು, ರೋಡಿನ ಉತ್ತರ ಬರೆದೆ. ಹಾಗಾಗಿ ಎರಡನೇ ಸಲ ಓದುವಾಗ ಇಡೀ ಪ್ರಶ್ನೆಬ್ಯಾಂಕ್ ಬಾಯಿಪಾಠ ಮಾಡೋ ಬದ್ಲು, ಎಲ್ಲೆಲ್ಲಿ ಜನ ಮಾಡೋದು ಒಂದು ನಿಯಮ ಹೇಳೋದು ಇನ್ನೊಂದೋ ಅದನ್ನಷ್ಟೇ ಬರ್ಕೊಂಡೆ. ಆ ನೋಟ್ಸೇ ಇದು.

ಮೊದ್ಲು ಸಿಲಬಸ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 11ನೇ ನಿಯಮ ಇದನ್ನ ಹೇಳುತ್ತೆ, ನಾಲ್ಕೇ ವಿಷಯ: ಚಿಹ್ನೆ ಸಿಗ್ನಲ್ ಮತ್ತೆ ರಸ್ತೆ ನಿಯಮಗಳು, ಆಕ್ಸಿಡೆಂಟ್ ಆದಾಗ ಡ್ರೈವರ್ ಏನ್ ಮಾಡ್ಬೇಕು, ಗೇಟ್‌ಮನ್ ಇಲ್ದಿರೋ ರೈಲ್ವೆ ಕ್ರಾಸಿಂಗ್ ಹೆಂಗೆ ದಾಟ್ಬೇಕು, ಗಾಡೀಲಿ ಯಾವ ಪೇಪರ್ ಇರ್ಬೇಕು. ಪಾಸಾಗೋಕೆ ಕನಿಷ್ಠ 60 ಪರ್ಸೆಂಟ್ ಸರಿ ಇರ್ಬೇಕು ಅಂತ ಅದೇ ನಿಯಮ ಹೇಳುತ್ತೆ. ಒಂದೊಂದು ಪ್ರಶ್ನೆಗೂ ಟೈಮರ್ ಓಡ್ತಿರುತ್ತೆ, ಅದನ್ನ ನೋಡಿದ್ರೇನೇ ಅರ್ಧ ಜನಕ್ಕೆ ಬೆವರು.

ಭಾಷೆ ಕನ್ನಡ ಆರಿಸ್ಕೋಬಹುದು, ಆರಿಸ್ಕೊಳಿ ಕೂಡ, ಆದ್ರೆ ಅಲ್ಲಿರೋದು ನಾವು ಮಾತಾಡೋ ಕನ್ನಡ ಅಲ್ಲ, ಸರ್ಕಾರಿ ಆರ್ಡರ್ ಕನ್ನಡ. ನಾವು ಓವರ್‌ಟೇಕ್ ಅಂದ್ರೆ ಅಲ್ಲಿ ಹಿಂದಿಕ್ಕುವುದು. ನಂಗೆ ಮೊದಲ ಸಲ ಅದು ಗಾಡಿನ ಹಿಂದಕ್ಕೆ ತಗೊಳೋದು, ಅಂದ್ರೆ ರಿವರ್ಸ್, ಅನ್ನಿಸ್ತು, ಅಲ್ಲೇ ಒಂದು ಮಾರ್ಕ್ ಹೋಯ್ತು. ಒನ್‌ವೇ ಅಂದ್ರೆ ಏಕಮುಖ ಸಂಚಾರ, ನಡ್ಕೊಂಡು ಹೋಗೋರು ಪಾದಚಾರಿಗಳು, ಹಿಂದೆ ಕೂತಿರೋರು ಹಿಂಬದಿ ಸವಾರ, ಪಾರ್ಕಿಂಗ್ ಅಂದ್ರೆ ನಿಲುಗಡೆ. ಈ ಐದಾರು ಪದ ಮೊದ್ಲೇ ನಾಲಿಗೆ ಮೇಲಿರ್ಲಿ.

ಈಗ ಚಿಹ್ನೆಗಳು, ಅರ್ಧ ಯುದ್ಧ ಇದೇ. ನೂರಾರು ಚಿತ್ರ ನೋಡಿ ಹೆದರ್ಬೇಡಿ, ಆಕಾರ ನೋಡಿ. ನಾನು ಮಾಡ್ಕೊಂಡಿದ್ದ ಪ್ರಾಸ: ಗುಂಡಗಿದ್ರೆ ಆರ್ಡರ್, ತ್ರಿಕೋನ ಇದ್ರೆ ಹುಷಾರ್, ಚೌಕ ಇದ್ರೆ ಸಮಾಚಾರ್. ಗುಂಡಗಿರೋದು ಕಡ್ಡಾಯ ಚಿಹ್ನೆ, ಮುರಿದ್ರೆ ಫೈನ್. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ ಚಿಹ್ನೆ, ಮುಂದೆ ತಿರುವು ಇದೆ ಸ್ಕೂಲ್ ಇದೆ ಅಂತ. ನೀಲಿ ಚೌಕ ಮಾಹಿತಿ, ಪೆಟ್ರೋಲ್ ಬಂಕ್, ಆಸ್ಪತ್ರೆ, ಊಟದ ಜಾಗ. ಎರಡೇ ಎರಡು ಹಠಮಾರಿಗಳು ಈ ಲೆಕ್ಕಕ್ಕೆ ಸಿಗಲ್ಲ, ಎಂಟು ಮೂಲೆಯ ಸ್ಟಾಪ್ ಮತ್ತೆ ತಲೆಕೆಳಗಾದ ತ್ರಿಕೋನದ ದಾರಿ ಬಿಡಿ. ಎರಡೂ ಆರ್ಡರ್ ಗುಂಪಿಗೇ ಸೇರೋದು. ಇವಕ್ಕೆ ಬೇರೆ ಆಕಾರ ಕೊಟ್ಟಿರೋದು, ಬೋರ್ಡಿಗೆ ಧೂಳು ಹಿಡಿದ್ರೂ ಬೆನ್ನಿನ ಕಡೆಯಿಂದ ನೋಡಿದ್ರೂ ಗೊತ್ತಾಗ್ಲಿ ಅಂತ. ಈ ಕಾರಣ ತಿಳ್ಕೊಂಡ ಮೇಲೆ ನಂಗೆ ಮರ್ತೇ ಹೋಗಿಲ್ಲ.

ಗುಂಡಗಿರೋದ್ರಲ್ಲೂ ಎರಡು ಥರ. ಕೆಂಪು ಅಂಚು ಇದ್ರೆ ಸಾಮಾನ್ಯವಾಗಿ ಮಾಡ್ಬೇಡ ಇಲ್ಲಾ ಇಷ್ಟಕ್ಕಿಂತ ಜಾಸ್ತಿ ಬೇಡ ಅಂತ, ಪೂರ್ತಿ ನೀಲಿ ಇದ್ರೆ ಮಾಡ್ಲೇಬೇಕು ಅಂತ. ಹಾರ್ನ್ ಚಿತ್ರ ಕೆಂಪು ಅಂಚಲ್ಲಿ ಅಡ್ಡಗೆರೆ ಎಳ್ದಿದ್ರೆ ಹಾರ್ನ್ ಹೊಡೀಬೇಡ, ಅದೇ ಹಾರ್ನ್ ನೀಲಿ ಗುಂಡಲ್ಲಿದ್ರೆ ಹೊಡೀಲೇಬೇಕು. ಹೊಡೀಲೇಬೇಕು ಅಂತಾನೂ ಒಂದು ಬೋರ್ಡ್ ಇದೆಯಾ ಅಂತ ಬೆಂಗಳೂರಲ್ಲಿರೋರಿಗೆ ಆಶ್ಚರ್ಯ ಆಗ್ಬಹುದು, ಇಲ್ಲಿ ಬೋರ್ಡ್ ಇಲ್ದೇನೇ ಎಲ್ಲಾರೂ ಪಾಲಿಸ್ತಾರಲ್ಲ. ಎದುರು ಬರೋದು ಕಾಣದ ತಿರುವುಗಳಿಗೆ ಅದು.

ಜನ ಎಡವೋದು ಜೋಡಿಗಳಲ್ಲಿ. ನೋ ಪಾರ್ಕಿಂಗ್, ನೋ ಸ್ಟಾಪಿಂಗ್ ಎರಡೂ ನೀಲಿ ಗುಂಡು ಕೆಂಪು ಅಂಚೇ, ಒಂದಕ್ಕೆ ಒಂದು ಗೆರೆ ಇನ್ನೊಂದಕ್ಕೆ ಕತ್ತರಿ ಥರ ಎರಡು ಗೆರೆ. ಒಂದು ಗೆರೆ ಅಂದ್ರೆ ನಿಲ್ಸಿ ಹೋಗ್ಬೇಡ, ಎರಡು ಗೆರೆ ಅಂದ್ರೆ ನಿಲ್ಸಲೇಬೇಡ, ಅಂದ್ರೆ ಒಂದು ನಿಮಿಷ ಫ್ರೆಂಡ್‌ನ ಹತ್ತಿಸ್ಕೊಳೋಕೂ ಇಲ್ಲ. ಕಿರಿದಾದ ಸೇತುವೆ ಡಮರು ಥರ ನಡುವೆ ಸೊಂಟ ಸಣ್ಣ, ದಾಟಿದ ಮೇಲೆ ಮತ್ತೆ ಅಗಲ ಆಗುತ್ತೆ ನೋಡಿ, ಕಿರಿದಾದ ರಸ್ತೆ ಬಾಟಲಿ ಕತ್ತಿನ ಥರ, ಸಣ್ಣ ಆಗಿ ಹಂಗೇ ಹೋಗುತ್ತೆ. ಮೋಟಾರ್ ಸೈಕಲ್ ನಿಷೇಧದ ಬೋರ್ಡ್ ಎಲ್ಲಿರುತ್ತಪ್ಪಾ ಅಂದ್ಕೊಳ್ತಿದ್ದೆ, 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ ಬೈಕ್ ಬಿಡಲ್ಲ, ಸರ್ವಿಸ್ ರೋಡೇ ಗತಿ, ಆ ಚಿಹ್ನೆ ಈಗ ಮರೆಯೋ ಪ್ರಶ್ನೇನೇ ಇಲ್ಲ.

ಕೈ ಸನ್ನೆ. ಇಲ್ಲಿ ನಾನು ಎರಡು ಕಳ್ಕೊಂಡೆ. ಎಡಕ್ಕೆ ತಿರುಗ್ಬೇಕು ಅಂದ್ರೆ ಏನ್ ಮಾಡ್ತೀರಾ? ಬೈಕ್‌ನೋರು ಎಡಗೈ ಚಾಚ್ತಾರೆ, ಆಟೋ ಅಣ್ಣಂದಿರು ಕಾಲೇ ಚಾಚ್ತಾರೆ. ಪರೀಕ್ಷೆಯ ಉತ್ತರ: ಬಲಗೈನ ಹೊರಗೆ ಚಾಚಿ ಅಪ್ರದಕ್ಷಿಣೆ ಸುತ್ತಿಸೋದು. ಎಲ್ಲಾ ಸನ್ನೇನೂ ಬಲಗೈಯಲ್ಲೇ, ಕಾರಲ್ಲಿ ಡ್ರೈವರ್ ಬಲಗಡೆ ಕಿಟಕಿ ಪಕ್ಕ ಕೂರ್ತಾನೆ ಅದಕ್ಕೆ. ಹಂಗಾಗಿ ಉತ್ತರದಲ್ಲಿ ಎಡಗೈ ಅಂತ ಕಂಡ್ರೆ ಆ ಆಯ್ಕೆನ ಅಲ್ಲೇ ಬಿಟ್ಬಿಡಿ. ಬಲಗೈ ನೇರ ಚಾಚಿ ಅಂಗೈ ಮುಂದಕ್ಕೆ ಅಂದ್ರೆ ಬಲಕ್ಕೆ ತಿರುಗ್ತೀನಿ, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದ್ರೆ ನಿಧಾನ ಮಾಡ್ತೀನಿ, ಮೊಣಕೈಯಿಂದ ಮೇಲಕ್ಕೆ ನೆಟ್ಟಗೆ ಎತ್ತಿದ್ರೆ ನಿಲ್ಲಿಸ್ತೀನಿ, ಹಿಂದಿನಿಂದ ಮುಂದಕ್ಕೆ ಬೀಸಿದ್ರೆ ನೀನು ಮುಂದೆ ಹೋಗಪ್ಪ. ಕನ್ನಡಿ ಮುಂದೆ ನಿಂತು ಐದು ನಿಮಿಷ ಮಾಡಿ, ಓದೋದಕ್ಕಿಂತ ಅದೇ ಬೇಗ ಕೂರುತ್ತೆ, ಮನೆಯವ್ರು ಏನಾಯ್ತೋ ಇವನಿಗೆ ಅಂತ ನೋಡ್ತಾರೆ ಅಷ್ಟೇ.

ಯಾರಿಗೆ ಮೊದ್ಲು ದಾರಿ ಅನ್ನೋ ಪ್ರಶ್ನೆಗಳಲ್ಲಂತೂ ರೋಡಿನ ಬುದ್ಧಿ ಪೂರ್ತಿ ಉಲ್ಟಾ. ರೋಡಲ್ಲಿ ದೊಡ್ಡ ಗಾಡಿಗೆ ದಾರಿ, ಇಲ್ಲಾ ನುಗ್ಗಿದೋನಿಗೆ ದಾರಿ. ನಿಯಮದಲ್ಲಿ ಹಂಗಿಲ್ಲ. ಸಿಗ್ನಲ್ ಪೊಲೀಸ್ ಯಾರೂ ಇಲ್ಲದ ಸರ್ಕಲ್‌ನಲ್ಲಿ ಎರಡೂ ಒಂದೇ ಥರದ ರೋಡಾದ್ರೆ ನಿಮ್ಮ ಬಲಗಡೆಯಿಂದ ಬರ್ತಿರೋ ಗಾಡಿಗೆ ಬಿಡ್ಬೇಕು, ಮೇನ್ ರೋಡಿಗೆ ಸೇರ್ತಿದ್ರೆ ಮೇನ್ ರೋಡಲ್ಲಿರೋರಿಗೆ ಬಿಡ್ಬೇಕು, ರೌಂಡ್ ಅಬೌಟ್‌ನಲ್ಲಿ ಆಗ್ಲೇ ಒಳಗೆ ಸುತ್ತುತ್ತಿರೋರಿಗೆ ಬಿಡ್ಬೇಕು. ಜೀಬ್ರಾ ಮೇಲೆ ಪಾದಚಾರಿ ರಾಜ. ಹಳದಿ ಲೈಟ್ ಬಿದ್ರೆ ನಮ್ಮಲ್ಲಿ ಆಕ್ಸಲರೇಟರ್ ತಿರುಚ್ತಾರೆ, ಉತ್ತರ ಸ್ಟಾಪ್ ಲೈನ್ ಹತ್ರ ನಿಲ್ಲೋದು. ಹಳದಿ ಮಿಣುಕ್ತಾ ಇದ್ರೆ ನಿಧಾನವಾಗಿ ನೋಡ್ಕೊಂಡು ಹೋಗೋದು, ಕೆಂಪು ಮಿಣುಕ್ತಾ ಇದ್ರೆ ಪೂರ್ತಿ ನಿಲ್ಸಿ ಆಮೇಲೆ ನೋಡ್ಕೊಂಡು ಹೋಗೋದು. ಎಡಕ್ಕೆ ಯಾವಾಗ್ಲೂ ಫ್ರೀ ಅಂತ ನಂಬ್ಕೊಂಡಿದ್ದೆ, ಬೋರ್ಡೋ ಹಸಿರು ಬಾಣಾನೋ ಇದ್ರೆ ಮಾತ್ರ ಫ್ರೀ.

ಘಾಟಿಯಲ್ಲಿ ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡ್ಬೇಕು. ಆಗುಂಬೆ ಇಲ್ಲಾ ಚಾರ್ಮಾಡೀಲಿ ತುಂಬಿದ ಬಸ್ ಹತ್ತುವಾಗ ಒಂದ್ಸಲ ನಿಂತ್ರೆ ಮತ್ತೆ ಎತ್ತೋಕೆ ಡ್ರೈವರ್ ಎಷ್ಟು ಒದ್ದಾಡ್ತಾನೆ ಅಂತ ನೋಡಿದ್ರೆ ಸಾಕು, ಉತ್ತರ ತಾನಾಗೇ ಬರುತ್ತೆ. ಓವರ್‌ಟೇಕ್ ಬಲಗಡೆಯಿಂದ್ಲೇ. ಎಡದಿಂದ ಹೋಗಬಹುದಾದ ಸಂದರ್ಭ ಯಾವುದು ಅಂತ ಕೇಳಿದ್ರೆ, ಮುಂದಿನೋನು ಬಲಕ್ಕೆ ತಿರುಗೋಕೆ ಸಿಗ್ನಲ್ ಕೊಟ್ಟು ರೋಡ್ ಮಧ್ಯಕ್ಕೆ ಬಂದಿದ್ದಾಗ. ಸೇತುವೆ, ತಿರುವು, ಏರಿನ ತುದಿ, ಇಲ್ಲೆಲ್ಲಾ ಓವರ್‌ಟೇಕ್ ಇಲ್ಲ.

ರೈಲ್ವೆ ಕ್ರಾಸಿಂಗ್ ಪ್ರಶ್ನೆ ಒಂಥರಾ ತಮಾಷೆ. ಬ್ರಾಡ್‌ಗೇಜ್ ಲೈನಿನ ಮೇಲೆ ಗೇಟ್‌ಮನ್ ಇಲ್ದಿರೋ ಕ್ರಾಸಿಂಗ್‌ಗಳನ್ನೆಲ್ಲ 2019ರ ಜನವರಿ ಹೊತ್ತಿಗೇ ರೈಲ್ವೆಯವ್ರು ತೆಗೆದು ಹಾಕಿದ್ರು, ಆದ್ರೂ ಸಿಲಬಸ್‌ನಲ್ಲಿ ಹಂಗೇ ಕೂತಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 131 ಪ್ರಕಾರ ಗಾಡಿ ನಿಲ್ಲಿಸ್ಬೇಕು, ಕಂಡಕ್ಟರ್ರೋ ಕ್ಲೀನರ್ರೋ ಇದ್ರೆ ಅವ್ರು ಇಳಿದು ನೋಡ್ಬೇಕು, ಇಲ್ದಿದ್ರೆ ಡ್ರೈವರೇ ಇಳಿದು ಎರಡೂ ಕಡೆ ರೈಲು ಬರ್ತಿಲ್ಲ ಅಂತ ನೋಡ್ಬೇಕು. ಬೈಕ್‌ನೋರಿಗೆ ಕ್ಲೀನರ್ ಎಲ್ಲಿ, ನಾವೇ ಇಳೀಬೇಕು. "ಹಾರ್ನ್ ಹೊಡೆದು ವೇಗವಾಗಿ ದಾಟುವುದು" ಅಂತ ಒಂದು ಆಯ್ಕೆ ಆಸೆ ತೋರಿಸ್ಕೊಂಡು ಕೂತಿರುತ್ತೆ, ಬೀಳ್ಬೇಡಿ. ಚಿತ್ರದಲ್ಲಿ ಬೇಲಿ ಥರ ಗೇಟ್ ಇದ್ರೆ ಕಾವಲು ಇರೋದು, ಇಂಜಿನ್ ಚಿತ್ರ ಇದ್ರೆ ಕಾವಲು ಇಲ್ದಿರೋದು.

ಆಕ್ಸಿಡೆಂಟ್ ಆದ್ರೆ ಸೆಕ್ಷನ್ 134. ರೋಡಲ್ಲಿ ಕೇಳಿರೋ ಬುದ್ಧಿಮಾತು ಮೊದ್ಲು ಅಲ್ಲಿಂದ ಜಾಗ ಖಾಲಿ ಮಾಡು ಅಂತ. ಕಾಯ್ದೆ ಹೇಳೋದು ಗಾಯ ಆದೋರ್ನ ಹತ್ತಿರದ ಡಾಕ್ಟರ್ ಇಲ್ಲಾ ಆಸ್ಪತ್ರೆಗೆ ಸೇರಿಸು, ಪೊಲೀಸರಿಗೆ ಹೇಳು, ತಡ ಅಂದ್ರೂ 24 ಗಂಟೆ ಒಳಗೆ, ಇನ್ಶೂರೆನ್ಸ್‌ನೋರಿಗೂ ಬರ್ದು ತಿಳಿಸು. ಜನ ಸೇರಿ ಹೊಡೆಯೋಕೆ ಬಂದ್ರೆ ಏನ್ ಮಾಡೋದು ಅಂತ ನಾನೂ ಕೇಳ್ಕೊಂಡೆ, ಜನ ರೊಚ್ಚಿಗೆದ್ದು ಕೈಮೀರಿದ ಸಂದರ್ಭಕ್ಕೆ ಕಾಯ್ದೇನೇ ವಿನಾಯಿತಿ ಕೊಟ್ಟಿದೆ, ಅವತ್ತು ಬರ್ದೋರಿಗೂ ನಮ್ಮ ರೋಡ್ ಗೊತ್ತಿತ್ತು ಅನ್ಸುತ್ತೆ. ಟೆಸ್ಟ್‌ನಲ್ಲಿ ಮಾತ್ರ ಆಸ್ಪತ್ರೆ ಪೊಲೀಸ್ ಅನ್ನೋದೇ ಉತ್ತರ.

ಪೇಪರ್‌ಗಳು: ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಹೊಸ ಗಾಡಿಗೆ ಒಂದು ವರ್ಷ ಎಮಿಷನ್ ಬೇಡ. ಡಿಜಿಲಾಕರ್‌ನಲ್ಲಿ ಇಲ್ಲಾ ಎಂಪರಿವಾಹನ್ ಆಪ್‌ನಲ್ಲಿ ತೋರ್ಸಿದ್ರೂ ನಡಿಯುತ್ತೆ.

ಕೆಲವು ನಂಬರ್ ಬಾಯಿಪಾಠ ಮಾಡ್ಲೇಬೇಕು, ಬೇರೆ ದಾರಿ ಇಲ್ಲ. ಗೇರ್ ಬೈಕ್‌ಗೆ 18 ವರ್ಷ. 50 ಸಿಸಿ ಒಳಗಿನ ಗೇರ್‌ಲೆಸ್‌ಗೆ 16, ಅಪ್ಪ ಅಮ್ಮನ ಸಹಿ ಬೇಕು, ಆದ್ರೆ ಈಗ ಬೀದೀಲಿ ಓಡೋ ಪೆಟ್ರೋಲ್ ಸ್ಕೂಟರ್ ಹೆಚ್ಚುಕಮ್ಮಿ ಎಲ್ಲಾ 100 ಸಿಸಿ ದಾಟಿದ್ದೇ, ಹಾಗಾಗಿ ಪಿಯುಸಿ ಹುಡುಗರು ಮನೆ ಸ್ಕೂಟರ್‌ನ ಆ ಲೆಕ್ಕದಲ್ಲಿ ಓಡಿಸೋಕೆ ಆಗಲ್ಲ. ವಯಸ್ಸಾಗದೋರು ಓಡಿಸಿ ಸಿಕ್ಕಿಬಿದ್ರೆ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಆ ಹುಡುಗನಿಗೆ 25 ವರ್ಷ ತುಂಬೋ ತನಕ ಎಲ್‌ಎಲ್ಲೂ ಇಲ್ಲ. ತೋಟದ ದಾರಿ ನೆನೆಸ್ಕೊಂಡು ನಂಗೆ ಒಂದು ಕ್ಷಣ ಮೈ ಜುಂ ಅಂತು. ಕುಡಿದಿರೋದ್ರ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಬೈಕಲ್ಲಿ ಹಿಂದೆ ಒಬ್ಬರೇ. ಹೆಲ್ಮೆಟ್ ಇಬ್ಬರಿಗೂ, ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರಿಂದ ಕಡ್ಡಾಯ, ಐಎಸ್ಐ ಗುರುತು ಇರ್ಬೇಕು. ನಾಲ್ಕು ವರ್ಷದ ಒಳಗಿನ ಮಗು ಜೊತೆಗಿದ್ರೆ ಸ್ಪೀಡ್ ಗಂಟೆಗೆ 40 ಕಿಲೋಮೀಟರ್ ದಾಟೋ ಹಂಗಿಲ್ಲ, ಮಗೂಗೆ ಬೆಲ್ಟೂ ಬೇಕು, ಇದು 2023ರ ಫೆಬ್ರವರಿಯಿಂದ ಬಂದ ನಿಯಮ.

ಅರ್ಜಿ ಹಾಕೋದು ಸಾರಥಿ ಪೋರ್ಟಲ್‌ನಲ್ಲಿ, ಅಂದ್ರೆ ಲೈಸೆನ್ಸ್‌ಗಿರೋ ಸರ್ಕಾರಿ ವೆಬ್‌ಸೈಟ್‌ನಲ್ಲಿ. ಗೇರ್ ಇರೋದು ಗೇರ್ ಇಲ್ದಿರೋದು ಎರಡು ಬೇರೆ ಕ್ಲಾಸು, ಗೇರ್ ಇರೋದನ್ನೇ ಟಿಕ್ ಮಾಡಿ, ನಮ್ಮ ಕ್ಲಾಸ್‌ಮೇಟ್ ಒಬ್ಬ ಸ್ಕೂಟರ್‌ದು ಟಿಕ್ ಮಾಡಿ ಆಮೇಲೆ ಬುಲೆಟ್ ತಗೊಂಡು ಮತ್ತೆ ಮೊದಲಿಂದ ಶುರು ಮಾಡಿದ. ಆಧಾರ್ ಮೂಲಕ ಹಾಕಿದ್ರೆ ಮನೇಲೇ ಟೆಸ್ಟ್ ಬರೀಬಹುದು, ಕ್ಯಾಮೆರಾ ನೋಡ್ತಿರುತ್ತೆ, ಪಕ್ಕದಲ್ಲಿ ಅಣ್ಣನ್ನ ಕೂರಿಸ್ಕೊಂಡು ಉತ್ತರ ಕೇಳೋ ಐಡಿಯಾ ಬೇಡ. ನಾನು ಎರಡನೇ ಸಲಾನೂ ಆಫೀಸಿಗೇ ಹೋಗಿ ಬರೆದೆ, ಒಂದೊಂದು ಪ್ರಶ್ನೆಗೂ ರೋಡಲ್ಲಿ ಏನ್ ಮಾಡ್ತಿದ್ದೆ ಅಂತ ಯೋಚ್ನೆ ಮಾಡಿ ಅದನ್ನ ಬಿಟ್ಟು ಬೇರೆದು ಒತ್ತಿದೆ ಅಂದ್ರೂ ತಪ್ಪಿಲ್ಲ, ಒಂದೇ ಒಂದು ತಪ್ಪಾಗಿ ಪಾಸಾದೆ.

ಎಲ್‌ಎಲ್ ಕೈಗೆ ಬಂದ ಮೇಲೆ ಆರು ತಿಂಗಳು ಇರುತ್ತೆ, 30 ದಿನ ಆದ್ಮೇಲೆ ಡಿಎಲ್‌ಗೆ ಟೆಸ್ಟ್ ಕೊಡಬಹುದು. ಅಲ್ಲೀವರೆಗೂ ಗಾಡಿ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಬೋರ್ಡ್, 18 ಸೆಂಟಿಮೀಟರ್ ಚೌಕ, ಅಕ್ಷರ ಕನಿಷ್ಠ 10 ಸೆಂಟಿಮೀಟರ್ ಎತ್ತರ. ಹಿಂದೆ ಯಾರನ್ನೂ ಕೂರಿಸೋ ಹಂಗಿಲ್ಲ, ಕಲಿಸಿಕೊಡೋ ಲೈಸೆನ್ಸ್ ಇರೋರು ಮಾತ್ರ ಕೂರಬಹುದು, ಇದೂ ಟೆಸ್ಟ್‌ನಲ್ಲಿ ಬರೋ ಪ್ರಶ್ನೆ. ಅತ್ತಿಗೆ ಹತ್ರ ಎಲ್‌ಎಲ್ ಇತ್ತು, ನನ್ ಹತ್ರಾನೂ ಎಲ್‌ಎಲ್, ಹಾಗಾಗಿ ಒಬ್ಬರ ಹಿಂದೆ ಒಬ್ಬರು ಕೂತು ಕಲಿಯೋಕೆ ಆಗ್ಲಿಲ್ಲ. ಅಣ್ಣ ಭಾನುವಾರ ಭಾನುವಾರ ಬಂದು ಮೊದ್ಲು ಅವ್ರಿಗೆ ಕಲಿಸ್ತಿದ್ದ, ಟೈಮ್ ಮಿಕ್ಕಿದ್ರೆ ನಂಗೆ.