ಪದಕಕ್ಕೆ ಸಿಗದೆ ಹೋದ ಹೆಸರುಗಳು

1934ರ ಮೇ ತಿಂಗಳು. ಫಿಲಡೆಲ್ಫಿಯಾದಲ್ಲಿ ರೇಡಿಯೊ ಎಂಜಿನಿಯರುಗಳ ಸಂಸ್ಥೆ ಐಆರ್‌ಇ ಸಮ್ಮೇಳನ ನಡೆಯುತ್ತಿತ್ತು. ಅಮೆರಿಕದ ರೇಡಿಯೊ ಸಂಶೋಧಕ ಎಡ್ವಿನ್ ಆರ್ಮ್‌ಸ್ಟ್ರಾಂಗ್ ತಮ್ಮ ಪದಕವನ್ನು ವಾಪಸ್ ಕೊಡಲು ಬಂದಿದ್ದರು. ಅದು ಆ ಸಂಸ್ಥೆಯ ಮೊಟ್ಟಮೊದಲ ಗೌರವ ಪದಕ. ರೇಡಿಯೊದ ಕ್ಷೀಣ ಸಂಕೇತವನ್ನು ಹಲವು ಪಟ್ಟು ಬಲಪಡಿಸುವ ರಿಜನರೇಟಿವ್ ಸರ್ಕ್ಯೂಟಿಗಾಗಿ 1917ರ ಸಾಲಿನಲ್ಲಿ ಕೊಟ್ಟದ್ದು. ಆದರೆ ಆ ಸರ್ಕ್ಯೂಟು ಇನ್ನೊಬ್ಬ ಸಂಶೋಧಕ ಲೀ ಡಿ ಫಾರೆಸ್ಟ್ ಅವರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಆಗಷ್ಟೇ ತೀರ್ಪು ಕೊಟ್ಟಿತ್ತು. ಸಂಸ್ಥೆ ಪದಕವನ್ನು ಮುಟ್ಟಲಿಲ್ಲ, ನಿಮ್ಮ ಹತ್ತಿರವೇ ಇರಲಿ ಎಂದಿತು. ಸೇರಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಯೋಚನೆ ಮೊದಲು ಹೊಳೆದದ್ದು ಯಾರಿಗೆ ಎಂಬ ತಾರೀಖನ್ನು ಕೋರ್ಟು ನೋಡಿತು. ಜೊತೆಗೆ ಕೆಲಸ ಮಾಡಿದವರಿಗೆ ಆ ಸರ್ಕ್ಯೂಟನ್ನು ನಿಜವಾಗಿ ಅರ್ಥ ಮಾಡಿಕೊಂಡವರು ಯಾರು ಅನ್ನುವುದು ಗೊತ್ತಿತ್ತು. ವೃತ್ತಿಯ ಸಂಘ ಕೊಡುವ ಗೌರವಕ್ಕೆ ಬೇರೆಲ್ಲೂ ಸಿಗದ ತೂಕ ಇರುವುದು ಇದೇ ಕಾರಣಕ್ಕೆ.

ಈ ರೂಢಿಯ ಬೇರು ಹುಡುಕಿದರೆ ಲಂಡನ್ನಿಗೆ ಹೋಗಬೇಕು. 1818ರ ಜನವರಿ 2ರಂದು ಫ್ಲೀಟ್ ಸ್ಟ್ರೀಟಿನ ಕೆಂಡಲ್ ಕಾಫಿ ಹೌಸಿನಲ್ಲಿ ಕೆಲವು ಯುವ ಎಂಜಿನಿಯರುಗಳು ಕೂತು ಸಿವಿಲ್ ಎಂಜಿನಿಯರುಗಳ ಸಂಸ್ಥೆಯನ್ನು ಕಟ್ಟಿದರು. ಎರಡು ವರ್ಷಕ್ಕೆ ಥಾಮಸ್ ಟೆಲ್ಫರ್ಡ್ ಅದರ ಮೊದಲ ಅಧ್ಯಕ್ಷರಾದರು. ಅವರು ಕುರಿ ಕಾಯುವವರ ಮಗ, ಕಲ್ಲುಕುಟಿಗನಾಗಿ ಕೆಲಸ ಕಲಿತವರು. 1834ರಲ್ಲಿ ತೀರಿಕೊಂಡಾಗ ಸಂಸ್ಥೆಗೆಂದು ಹಣ ಬಿಟ್ಟುಹೋದರು. ಟೆಲ್ಫರ್ಡ್ ಪದಕ ಹುಟ್ಟಿದ್ದು ಆ ಹಣದಿಂದ. ಸದಸ್ಯರು ಸಭೆಯಲ್ಲಿ ಓದುವ ಒಳ್ಳೆಯ ಪ್ರಬಂಧಗಳಿಗೆ ಬಹುಮಾನ. ಕಸುಬಿನ ಗುಟ್ಟನ್ನು ಮುಚ್ಚಿಡದೆ ಹಂಚಿಕೊಂಡವರಿಗೆ ಗೌರವ, ಎಷ್ಟು ಚೆಂದದ ಯೋಚನೆ ಅಲ್ವಾ? ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಎಎಸ್‌ಸಿಇ ಕೂಡ 1872ರಲ್ಲಿ ನಾರ್ಮನ್ ಪದಕ ಶುರು ಮಾಡಿ ಇದೇ ದಾರಿ ಹಿಡಿಯಿತು.

ಪ್ರಬಂಧದ ಮೇಲೆ ಬರೆದವರ ಹೆಸರು ಇರುತ್ತದೆ. ಸಂಘದ ಎಷ್ಟೋ ದೊಡ್ಡ ಕೆಲಸಗಳ ಮೇಲೆ ಯಾರ ಹೆಸರೂ ಇರುವುದಿಲ್ಲ.

1905ರ ಮಾರ್ಚ್ 20ರಂದು ಮಸಾಚುಸೆಟ್ಸ್ ರಾಜ್ಯದ ಬ್ರಾಕ್ಟನ್‌ನಲ್ಲಿ ಶೂ ಕಾರ್ಖಾನೆಯೊಂದರ ಬಾಯ್ಲರ್ ಸಿಡಿಯಿತು. 58 ಜನ ಸತ್ತರು. ಆ ರಾಜ್ಯ 1907ರಲ್ಲಿ ಬಾಯ್ಲರ್‌ಗೆ ನಿಯಮ ತಂದಿತು. ಆದರೆ ರಾಜ್ಯಕ್ಕೊಂದು ನಿಯಮ ಆದರೆ ಬಾಯ್ಲರ್ ಮಾಡುವವರು ಯಾವುದನ್ನು ಪಾಲಿಸಬೇಕು? 1911ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಎಎಸ್‌ಎಂಇ ಒಂದು ಸಮಿತಿ ಮಾಡಿತು. ಉಕ್ಕಿನ ಹಾಳೆ ಎಷ್ಟು ದಪ್ಪ ಇರಬೇಕು, ರಿವೆಟ್ ಹೇಗೆ ಹೊಡೆಯಬೇಕು, ಸೇಫ್ಟಿ ವಾಲ್ವ್ ಎಂಥದ್ದಿರಬೇಕು ಎಂದು ಒಂದೊಂದನ್ನೂ ತೀರ್ಮಾನಿಸಿ 1914ರ ಹೊತ್ತಿಗೆ ಬಾಯ್ಲರ್ ಕೋಡ್ ಸಿದ್ಧಪಡಿಸಿತು. ಇವತ್ತಿಗೂ ಸದಸ್ಯರು ಅದನ್ನು ತಿದ್ದುತ್ತಲೇ ಇದ್ದಾರೆ. ಸಿಡಿಯದೆ ಉಳಿದ ಬಾಯ್ಲರ್ ಸುದ್ದಿಯಾಗುವುದಿಲ್ಲ. ಹಾಗಾಗಿ ಅದನ್ನು ಉಳಿಸಿದವರೂ ಕಣ್ಣಿಗೆ ಬೀಳುವುದಿಲ್ಲ.

ಇಂಥ ಕೆಲಸಕ್ಕೆ ಎಂದೇ ಪ್ರಶಸ್ತಿಗಳು ಬಂದದ್ದು ತಡವಾಗಿ. ವಿದ್ಯುತ್ ಮತ್ತು ರೇಡಿಯೊ ಎಂಜಿನಿಯರುಗಳ ಎರಡು ಸಂಘಗಳು 1963ರಲ್ಲಿ ಒಂದಾಗಿ ಐಟ್ರಿಪಲ್‌ಇ ಆಯಿತು. ಸಂಸ್ಥೆಗಾಗಿ ದುಡಿದವರಿಗೆ ಹ್ಯಾರಡನ್ ಪ್ರ್ಯಾಟ್ ಪ್ರಶಸ್ತಿ ಶುರುವಾದದ್ದು 1971ರಲ್ಲಿ. ಸ್ಟ್ಯಾಂಡರ್ಡ್, ಅಂದರೆ ಎಲ್ಲರೂ ಪಾಲಿಸಲೆಂದು ಮಾಡಿದ ತಾಂತ್ರಿಕ ನಿಯಮ, ಬರೆಯುವವರಿಗೆ ಸ್ಟೈನ್‌ಮೆಟ್ಜ್ ಪ್ರಶಸ್ತಿ 1979ರಲ್ಲಿ. ಆ ಸಂಸ್ಥೆಯ ಸ್ಟ್ಯಾಂಡರ್ಡ್ ತೆರೆದರೆ ಮೊದಲ ಪುಟಗಳಲ್ಲಿ ಅದನ್ನು ಬರೆದ ಗುಂಪಿನ ಸದಸ್ಯರ ಹೆಸರುಗಳಿರುತ್ತವೆ. ನನ್ನ ಪ್ರಕಾರ ಆ ಪಟ್ಟಿ ಯಾವ ಪದಕಕ್ಕೂ ಕಡಿಮೆಯಲ್ಲ.

ಸದಸ್ಯತ್ವದ ದರ್ಜೆಯೂ ಒಂದು ಮನ್ನಣೆಯೇ. ಐಟ್ರಿಪಲ್‌ಇಯಲ್ಲಿ ಫೆಲೋ ಎಂಬ ಅತಿ ಎತ್ತರದ ದರ್ಜೆಗೆ ಏರುವವರು ವರ್ಷಕ್ಕೆ ಮತದಾನದ ಹಕ್ಕಿರುವ ಸದಸ್ಯರಲ್ಲಿ 0.1 ಶೇಕಡಾ ಮೀರುವಂತಿಲ್ಲ. ಸಂಶೋಧಕರ ಜೊತೆಗೆ ಶಿಕ್ಷಕರು, ತಂಡ ನಡೆಸುವವರು, ಫೀಲ್ಡಿನಲ್ಲಿ ಕೆಲಸ ಮಾಡುವವರು, ಎಲ್ಲರಿಗೂ ಅಲ್ಲಿ ಜಾಗ ಇದೆ. ಆದರೆ ಯಾರಾದರೂ ಹೆಸರು ಸೂಚಿಸಬೇಕು, ಫೆಲೋಗಳು ಶಿಫಾರಸು ಮಾಡಬೇಕು. ಸುಮ್ನೆ ತಮ್ಮ ಪಾಡಿಗೆ ದುಡಿಯುವವರು, ದೊಡ್ಡವರ ಪರಿಚಯ ಜಾಸ್ತಿ ಇಲ್ಲದವರು ಹಿಂದೆ ಉಳಿಯುವುದು ಇಲ್ಲೇ. ಪ್ರಶಸ್ತಿಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಅಂಥವರನ್ನು ಹುಡುಕಿ ಅವರ ಪರವಾಗಿ ಅರ್ಜಿ ಬರೆಯುವ ಕೆಲಸಕ್ಕೆ ಸಂಘಗಳು ಜನರನ್ನು ನೇಮಿಸಬೇಕು.

ಬಾಗಿಲೇ ಮುಚ್ಚಿದ್ದ ಕಾಲವೂ ಇತ್ತು. ನೋರಾ ಸ್ಟಾಂಟನ್ ಬ್ಲಾಚ್ 1905ರಲ್ಲಿ ಕಾರ್ನೆಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಎಎಸ್‌ಸಿಇ ಅವರನ್ನು ಕಿರಿಯ ಸದಸ್ಯೆಯಾಗಿ ಸೇರಿಸಿಕೊಂಡಿತು. ಮೇಲಿನ ದರ್ಜೆ ಕೇಳಿದಾಗ 1916ರಲ್ಲಿ ಆಗುವುದಿಲ್ಲ ಎಂದಿತು. ಹೆಣ್ಣು ಅನ್ನುವುದೇ ಕಾರಣ. ಅವರು ಕೋರ್ಟಿಗೆ ಹೋದರು, ಸೋತರು. ಅದೇ ಸಂಘ 2015ರಲ್ಲಿ ಅವರನ್ನು ಫೆಲೋ ಮಾಡಿತು. ಅಷ್ಟರಲ್ಲಿ ಅವರು ತೀರಿಕೊಂಡು 44 ವರ್ಷ ಆಗಿತ್ತು.